ಅವ್ವನ ತಿಪ್ಪಿ ಮತ್ತು ಮೂರನೇ ಚೀಲ

ಈ ಸಲ ಯುಗಾದಿಗೆ ಊರಿಗೆ ಹೋಗಿದ್ದೆ. ಊರು ಅಂದರೆ ದೋರನಹಳ್ಳಿ. ಶಹಾಪುರದಿಂದ ಯಾದಗಿರಿಗೆ ಹೋಗುವ ರಸ್ತೆಯಲ್ಲಿ ಸಿಗುತ್ತದೆ. ಬೆಂಗಳೂರಿನಲ್ಲಿ ಯಾರಾದರೂ "ಯಾವೂರು ನಿಮ್ದು?" ಅಂದರೆ ಮೊದಲೆಲ್ಲ "ಗುಲಬರ್ಗಾ ಕಡೆ" ಅನ್ನುತ್ತಿದ್ದೆ. ೨೦೦೯ರ ಡಿಸೆಂಬರಿನಲ್ಲಿ ಯಾದಗಿರಿ ಬೇರೆ ಜಿಲ್ಲೆಯಾದ ಮೇಲೆ "ಯಾದಗಿರಿ" ಅನ್ನುತ್ತೇನೆ. ಅದಕ್ಕೂ "ಅದೆಲ್ಲಿ ಬರತ್ತೆ?" ಅನ್ನುವವರಿದ್ದಾರೆ. ಅಂಥವರಿಗೆ ಮೊಬೈಲಿನಲ್ಲಿ ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಫೋಟೋ ತೋರಿಸಿ ಸುಮ್ಮನಾಗುತ್ತೇನೆ.

ಬೆಳಿಗ್ಗೆ ಬಸ್ಸಿಳಿದು ಮನೆಗೆ ಹೋದರೆ ಅವ್ವ ಪಡಸಾಲೆಯಲ್ಲಿ ಇರಲಿಲ್ಲ. ಅಡಿಗೆ ಮನೆಯಲ್ಲೂ ಇಲ್ಲ. ತಮ್ಮನ ಹೆಂಡತಿ "ಹಿಂದ ಅದಾರ ನೋಡ್ರಿ ಮಾಮಾ, ಒಂದ್ ವಾರ ಆಯ್ತು ಇದ ಹಟ ಹಿಡದಾರ" ಅಂದಳು. ಹಿತ್ತಲಿಗೆ ಹೋಗಿ ನೋಡಿದರೆ ಅವ್ವ ತಿಪ್ಪಿಯ ಮುಂದೆ ಕೂತು, ಒಂದು ಜರಡಿ ಇಟ್ಟುಕೊಂಡು, ಗೊಬ್ಬರ ಜರಡಿ ಹಿಡಿಯುತ್ತಿದ್ದಳು. ಹೌದು, ಗೊಬ್ಬರವನ್ನೇ! ಹಿಟ್ಟು ಸೋಸಿದ ಹಾಗೆ! ಪಕ್ಕದಲ್ಲಿ ಒಂದು ಸಿಮೆಂಟ್ ಚೀಲ. ಅದರೊಳಗೆ ಗುಟ್ಕಾ ಚೀಟಿ, ಶಾಂಪೂ ಚೀಟಿ, ಕುರುಕುರೆ ಪಾಕೀಟು, ಹಾಲಿನ ಪಾಕೀಟಿನ ತುದಿಗಳು, ಚಹಾದ ಪ್ಲಾಸ್ಟಿಕ್ ಲೋಟ.

"ಏನ್ ಮಾಡ್ಲಿಕತ್ತಿ ಬೇ?" ಅಂದೆ.

"ಹೊಲಕ್ಕ ಹಾಕೋದದ, ಹಂಗಾ ಹಾಕ್ಲಿಕ್ಕ ಬರ್ತಾದೇನು? ಹ್ವಾದ ವರ್ಷ ಹಾಕಿದ್ದು ಇನ್ನಾ ಹೊಲದಾಗ ಹಂಗಾ ಕಾಣ್ತಾದ. ಕುಂಟಿ ಹೊಡದ್ರ ಕುಂಟಿಗಿ ಸುತ್ಕೊಂತಾವ" ಅಂದಳು, ತಲೆ ಎತ್ತದೆ.

ಅವಳ ಹತ್ತಿರ ಕೂತೆ. ಕೈ ಹಾಕಿದೆ. ಅವತ್ತಿನಿಂದ ನನ್ನ ತಲೆಯಲ್ಲಿ ಆ ತಿಪ್ಪಿಯೇ ಕೂತುಬಿಟ್ಟಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತಿಪ್ಪಿ ಅಂದರೆ ಗೊತ್ತಲ್ಲ? ಮೈಸೂರು ಕಡೆಯವರು ತಿಪ್ಪೆ ಅನ್ನುತ್ತಾರೆ. ನಮ್ಮ ಕಡೆ ಒಕ್ಕಲು ಮನೆಯ ಆಸ್ತಿ ಲೆಕ್ಕದಲ್ಲಿ ಅದೂ ಒಂದು. ನಾನು ಸಣ್ಣವನಿದ್ದಾಗ ಮನೆಯಿಂದ ಹೊರಬೀಳುತ್ತಿದ್ದುದೆಲ್ಲ ಅಲ್ಲಿಗೇ. ಸೆಗಣಿ, ದನ ತಿಂದುಬಿಟ್ಟ ಕಣಕಿ, ಜೋಳದ ಹೊಟ್ಟು, ಉಳ್ಳಾಗಡ್ಡಿ ಸಿಪ್ಪೆ, ಅಂಗಳ ಗುಡಿಸಿದ ಮಣ್ಣು, ಒಲೆಯ ಬೂದಿ. ಬೂದಿ ಕೂಡ ಪೂರ್ತಿ ಅಲ್ಲಿಗೆ ಹೋಗುತ್ತಿರಲಿಲ್ಲ. ಮೊದಲು ಭಾಂಡೆ ತಿಕ್ಕಲಿಕ್ಕೆ, ಆಮೇಲೆ ಬಿತ್ತನೆ ಕಾಳಿಗೆ ಹುಳ ಬೀಳದಂತೆ ಕಲೆಸಲಿಕ್ಕೆ, ಉಳಿದದ್ದು ತಿಪ್ಪಿಗೆ. ಬೇಸಿಗೆಯಲ್ಲಿ ಬಂಡಿ ಕಟ್ಟಿ ಹೊಲಕ್ಕೆ ಹೊಡೆದರೆ ಅಲ್ಲಿಗೆ ಒಂದು ವರ್ಷದ ಲೆಕ್ಕ ಚುಕ್ತಾ. ನಮ್ಮ ಕಡೆ "ಕಸ" ಅಂದರೆ ಹೊಲದಲ್ಲಿ ಬೆಳೆಯುವ ಕಳೆ ಕೂಡ. "ಕಸ ತೆಗಿಲಿಕ್ಕ ಹೋಗ್ಯಾರ" ಅಂದರೆ ಕಳೆ ಕೀಳಲು ಹೋಗಿದ್ದಾರೆ ಅಂತಲೇ ಅರ್ಥ. ಏನು ಮಾಡಿದರೂ ಮಣ್ಣಾಗದ ವಸ್ತುವೊಂದು ಮನೆಯಿಂದ ದಿನಾ ಹೊರಬೀಳುತ್ತದೆ ಅನ್ನುವುದು ಆಗ ಯಾರಿಗೂ ಗೊತ್ತಿರಲಿಲ್ಲ.

ಇದನ್ನು ಓದಿ "ಹಾ, ಆ ಕಾಲವೇ ಚೆನ್ನಾಗಿತ್ತು" ಅಂತ ಅನ್ನಬೇಡಿ. ನಾನಂತೂ ಅನ್ನುವುದಿಲ್ಲ. ಆ ಕಾಲದಲ್ಲಿ ನಮ್ಮ ತಾಲ್ಲೂಕಿನಿಂದ ಜನ ಗುಳೆ ಹೋಗುತ್ತಿದ್ದರು. ಮಳೆ ಕೈಕೊಟ್ಟರೆ ಮನೆಗೆ ಬೀಗ, ಮುದುಕರಿಗೆ ಎರಡು ಸೇರು ಜೋಳ, ಮಕ್ಕಳನ್ನು ಬಗಲಲ್ಲಿ ಎತ್ತಿಕೊಂಡು ಪುಣೆ, ಮುಂಬೈ, ಬೆಂಗಳೂರು. ಅವ್ವ ಮೂವತ್ತು ವರ್ಷ ಹತ್ತಿಕಟಗಿ, ತೊಗರಿಕಟಗಿ ಉರಿಸಿ ರೊಟ್ಟಿ ಬಡಿದಳು. ಅವಳ ಕೆಮ್ಮು ಆ ಹೊಗೆಯದ್ದೇ. ನಾನು ಓದಿದ್ದು ಚಿಮಣಿ ಬುಡ್ಡಿಯಲ್ಲಿ. ನಮ್ಮ ಓಣಿಯ ಕೆಲವು ಮನೆಗಳಿಗೆ ಭಾಗ್ಯಜ್ಯೋತಿಯ ಒಂದೇ ಬಲ್ಬು ಇತ್ತು, ಅದೂ ಉರಿದರೆ ಉರಿಯಿತು, ಇಲ್ಲದಿದ್ದರೆ ಇಲ್ಲ.

ಬೆಳವಣಿಗೆ ಅನ್ನುವುದು ನಮಗೆ ಮೊದಲು ನೀರಿನ ರೂಪದಲ್ಲಿ ಬಂತು. ೧೯೬೪ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದ ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಅಣೆಕಟ್ಟು ೧೯೮೨ರಲ್ಲಿ ಮುಗಿಯಿತು. ಎಡದಂಡೆ ಕಾಲುವೆ, ಅದರಿಂದ ಶಹಾಪುರ ಶಾಖಾ ಕಾಲುವೆ. ಜೋಳ, ಸಜ್ಜೆ, ತೊಗರಿ ಬೆಳೆಯುತ್ತಿದ್ದ ಸೀಮೆಗೆ ಭತ್ತ ಬಂತು, ಹತ್ತಿ ಬಂತು, ಮೆಣಸಿನಕಾಯಿ ಬಂತು. ಆಂಧ್ರದಿಂದ ಬಂದವರ ಕ್ಯಾಂಪುಗಳಾದವು. ನಮಗೆ ನೀರು ಕೊಟ್ಟ ಅದೇ ಯೋಜನೆಯಲ್ಲಿ ಮೇಲೆ ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳು ಮುಳುಗಿದವು. ಇದನ್ನು ನಮ್ಮೂರ ಗದ್ದೆಯ ಬದುವಿನ ಮೇಲೆ ನಿಂತವರು ಯಾರೂ ನೆನೆಸುವುದಿಲ್ಲ. ನಾನೂ ನೆನೆಸಿರಲಿಲ್ಲ, ಬಾಗಲಕೋಟೆಯ ಗೆಳೆಯನೊಬ್ಬ ಹೇಳುವ ತನಕ.

ಆಮೇಲೆ ರಸ್ತೆ, ಬೇರೆ ಜಿಲ್ಲೆ, ೩೭೧ಜೆ, ಬೈಕು, ಮೊಬೈಲು, ಅಂಗಡಿ. ಅಂಗಡಿ ಅಂದಾಗ ತಮ್ಮನ ವಿಷಯ ಹೇಳಲೇಬೇಕು.

ನನ್ನ ತಮ್ಮ ಒಂದು ಕಿರಾಣಿ ಅಂಗಡಿ ಇಟ್ಟಿದ್ದಾನೆ. ಕಿರಾಣಿ ಅಂತ ಹೆಸರು. ವ್ಯಾಪಾರ ಆಗುವುದೆಲ್ಲ ಚೀಟಿಗಳದ್ದು. ಬಾಗಿಲ ಮುಂದೆ ಹಾರದ ಹಾಗೆ ತೂಗುಬಿಟ್ಟಿರುತ್ತಾನೆ. ಒಂದು ರೂಪಾಯಿ ಶಾಂಪೂ, ಐದು ರೂಪಾಯಿ ಕುರುಕುಲು, ಪಾನ್ ಮಸಾಲೆ. ಒಂದು ವಿಚಿತ್ರ ಕೇಳಿ. ೨೦೧೩ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತಲ್ಲ, ಆಮೇಲೆ ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಅಂತ ಬೇರೆ ಬೇರೆ ಬರತೊಡಗಿತು. ತಿನ್ನುವವರು ಎರಡನ್ನೂ ಹರಿದು ಕಲೆಸಿ ಬಾಯಿಗೆ ಹಾಕುತ್ತಾರೆ. ಅಂದರೆ ತಿಪ್ಪಿಗೆ ಒಂದು ಚೀಟಿ ಬರುವಲ್ಲಿ ಎರಡು! ಇದರ ಜೊತೆಗೆ ಮದುವೆ, ಜವಳ, ಸೀಮಂತಗಳಿಗೆ ಬಳಸಿ ಬಿಸಾಡುವ ತಟ್ಟೆ ಲೋಟಗಳನ್ನೂ ಮಾರುತ್ತಾನೆ. ಆ ಅಂಗಡಿಯಿಂದಲೇ ಅವನ ಮಗಳು ಕಲಬುರಗಿಯಲ್ಲಿ ಓದುತ್ತಿದ್ದಾಳೆ. ನಮ್ಮ ಮನೆತನದಲ್ಲಿ ಹತ್ತನೇ ಇಯತ್ತೆ ದಾಟಿದ ಮೊದಲ ಹೆಣ್ಣುಮಗಳು ಅವಳು.

ಹೋದ ವರ್ಷ ಶ್ರಾವಣದಲ್ಲಿ ಮನೆಯ ಆಕಳು ಸತ್ತಿತು. ಗೌರಿ ಅಂತ ಕರೆಯುತ್ತಿದ್ದೆವು. ನಾಲ್ಕು ದಿನ ಮೆಲುಕು ಹಾಕಲಿಲ್ಲ. ಹೊಟ್ಟೆ ಉಬ್ಬಿತು. ದನದ ಡಾಕ್ಟರು ಬಂದು ಪಕ್ಕೆ ಒತ್ತಿ ನೋಡಿ, "ಒಳಗ ಪ್ಲಾಸ್ಟಿಕ್ ಗಂಟು ಆಗ್ಯಾದ, ಆಪರೇಷನ್ ಮಾಡಬೇಕಿತ್ತು, ಈಗ ತಡ ಆಗ್ಯಾದ" ಅಂದರಂತೆ. ದನಗಳಿಗೆ ಅನ್ನ ಅಂಟಿದ ಪಾಕೀಟು, ತಿನಿಸು, ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ತಿಂದದ್ದು ಕರಗುವುದೂ ಇಲ್ಲ, ಮುಂದೆ ಹೋಗುವುದೂ ಇಲ್ಲ, ಮೊದಲ ಹೊಟ್ಟೆಯಲ್ಲೇ ಸುರುಳಿ ಸುತ್ತಿಕೊಂಡು ಗಂಟಾಗುತ್ತದೆ. ಅವ್ವ ಫೋನಿನಲ್ಲಿ ಅತ್ತಳು. ತಮ್ಮ ಫೋನಿಗೇ ಬರಲಿಲ್ಲ. ಅವತ್ತಿನಿಂದ ಅವ್ವ ತಮ್ಮನಿಗೆ ನೇರವಾಗಿ ಏನೂ ಅಂದಿಲ್ಲ. ಆದರೆ ಜರಡಿ ಹಿಡಿಯಲು ಶುರು ಮಾಡಿದ್ದಾಳೆ. ಅದೇ ಅವಳ ಮಾತು ಅಂತ ಅವನಿಗೂ ಗೊತ್ತು, ಅವಳಿಗೂ ಗೊತ್ತು.

ಈ ಬೂದಿ, ಒಲೆಗಳ ಕಥೆಯೂ ಹೀಗೇ ಇದೆ.

೨೦೧೬ರಲ್ಲಿ ಉಜ್ವಲ ಯೋಜನೆ ಬಂದಮೇಲೆ ನಮ್ಮ ಓಣಿಯ ಬಡ ಮನೆಗಳಿಗೂ ಗ್ಯಾಸು ಬಂತು. ಒಳ್ಳೆಯದೇ ಆಯಿತು. ಅವ್ವನ ಕೆಮ್ಮು ಕಡಿಮೆಯಾಯಿತು. ಆದರೆ ಗ್ಯಾಸಿಗೂ ಹೆದರಿಕೆ ಇದೆ. ೨೦೨೨ರ ಫೆಬ್ರುವರಿಯಲ್ಲಿ ನಮ್ಮ ದೋರನಹಳ್ಳಿಯ ಹೆಸರು ಎಲ್ಲ ಟಿವಿಗಳಲ್ಲಿ ಬಂತು. ಒಂದು ಮನೆಯ ಸೀಮಂತದ ದಿನ ಸಿಲಿಂಡರ್ ಸೋರಿ ಬೆಂಕಿ ಹತ್ತಿ, ಊಟಕ್ಕೆ ಬಂದವರು, ಅಡಿಗೆ ಮಾಡುವವರು, ಮಕ್ಕಳು ಸುಟ್ಟುಕೊಂಡರು. ಆಸ್ಪತ್ರೆಗೆ ಹೋದ ಅನೇಕರು ವಾಪಸ್ ಬರಲಿಲ್ಲ. ಆ ವಾರ ಊರಿನಲ್ಲಿ ದಿನಾ ಒಂದೊಂದು ಸುದ್ದಿ. ಅದಾದಮೇಲೆ ಅವ್ವ ಆರು ತಿಂಗಳು ಗ್ಯಾಸ್ ಮುಟ್ಟಲಿಲ್ಲ, ಮತ್ತೆ ಒಲೆಗೇ ಹೋದಳು. ಈಗಲೂ ರೊಟ್ಟಿ ಒಲೆ ಮೇಲೆ, ಚಹಾ ಗ್ಯಾಸಿನ ಮೇಲೆ. ಕಾರ್ಯಕ್ರಮ ಅಂದರೆ ಮಾತ್ರ ಸಿಲಿಂಡರ್ ಬೇಡ, ಕಟ್ಟಿಗೆ ಒಲೆ ಹೂಡಿ ಅನ್ನುತ್ತಾಳೆ. ಅವಳ ಜೊತೆ ವಾದ ಮಾಡುವ ಧೈರ್ಯ ಯಾರಿಗಿದೆ?

ಆದರೆ ಬಹಳ ಮನೆಗಳಲ್ಲಿ ಒಲೆ ಹೋಯಿತು. ಒಲೆ ಹೋದಮೇಲೆ ಹತ್ತಿಕಟಗಿ ಯಾರಿಗೆ ಬೇಕು? ಮೊದಲು ಹೊಲದಿಂದ ಕಿತ್ತು ಬಂಡಿ ಕಟ್ಟಿ ಮನೆಯ ಹಿಂದೆ ಬಣವೆಯ ಹಾಗೆ ಒಟ್ಟುತ್ತಿದ್ದರು. ಅದು ವರ್ಷದ ಉರುವಲು. ಈಗ ಹೊಲದಲ್ಲೇ ಗುಡ್ಡೆ ಹಾಕಿ ಕಡ್ಡಿ ಗೀರುತ್ತಾರೆ. ಭತ್ತವನ್ನು ಮಷಿನ್ ಕೊಯ್ದು ಹೋದಮೇಲೆ ಉಳಿದ ಕೂಳೆಯದೂ ಇದೇ ಕಥೆ. ಈ ಸಲ ಬರುವಾಗ ರಸ್ತೆಯ ಎರಡೂ ಕಡೆ ಹೊಗೆ. ಅಡಿಗೆ ಮನೆಯ ಹೊಗೆ ಹೊಲಕ್ಕೆ ಹೋಗಿದೆ, ಅಷ್ಟೇ. ವ್ಯತ್ಯಾಸ ಏನೆಂದರೆ ಅವಾಗಿನ ಹೊಗೆಗೆ ಒಂದು ರೊಟ್ಟಿಯಾದರೂ ಬೇಯುತ್ತಿತ್ತು.

ಕರೆಂಟಿನದ್ದೂ ಒಂದು ಲೆಕ್ಕ ಹಾಕಿದೆ. (ನನಗೆ ಲೆಕ್ಕ ಹಾಕುವುದೇ ಕೆಲಸ, ಬೆಂಗಳೂರಿನ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತೇನೆ.) ೨೦೨೩ರಲ್ಲಿ ಗೃಹಜ್ಯೋತಿ ಬಂದಾಗಿನಿಂದ ನಮ್ಮ ಮನೆಯ ಬಿಲ್ಲಿನಲ್ಲಿ ಸೊನ್ನೆ. ಫ್ರಿಜ್ಜು, ಫ್ಯಾನು, ಟಿವಿ, ಮಿಕ್ಸರ್ ಸೇರಿ ತಿಂಗಳಿಗೆ ಸುಮಾರು ೧೦೦ ಯೂನಿಟ್ ಉರಿಯುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಒಂದು ಯೂನಿಟ್ ಕರೆಂಟಿಗೆ ಮುಕ್ಕಾಲು ಕಿಲೋದ ಹತ್ತಿರ ಸುಡಬೇಕು. ಆ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲಿನಷ್ಟು ಬೂದಿಯೇ. ನಮ್ಮ ಮನೆಯ ೧೦೦ ಯೂನಿಟ್ಟೂ ಕಲ್ಲಿದ್ದಲಿನದ್ದೇ ಅಂತ ಹಿಡಿದರೆ ತಿಂಗಳಿಗೆ ೭೦ ಕಿಲೋ ಕಲ್ಲಿದ್ದಲು, ಇಪ್ಪತ್ತು ಕಿಲೋದ ಮೇಲೆ ಬೂದಿ, ನೂರು ಕಿಲೋಗೆ ಹತ್ತಿರ ಇಂಗಾಲದ ಡೈಆಕ್ಸೈಡು. ಅಂದರೆ ಪ್ರತಿ ತಿಂಗಳೂ ಒಂದು ದೊಡ್ಡ ಪುಟ್ಟಿ ಬೂದಿ ನಮ್ಮ ಮನೆಯ ಹೆಸರಿನಲ್ಲಿ ಎಲ್ಲೋ ಬೀಳುತ್ತಿದೆ. ನಮ್ಮ ತಿಪ್ಪಿಯಲ್ಲಲ್ಲ, ಹಾಗಾಗಿ ಕಾಣುವುದಿಲ್ಲ.

ಎಲ್ಲಿ ಬೀಳುತ್ತದೆ? ದೂರವೇನಲ್ಲ. ಯಾದಗಿರಿಯಲ್ಲಿ ರೈಲು ಹತ್ತಿ ರಾಯಚೂರಿನ ಕಡೆ ಹೋದರೆ ಕೃಷ್ಣಾ ಹೊಳೆ ದಾಟುತ್ತಿದ್ದ ಹಾಗೆ ಶಕ್ತಿನಗರದ ಚಿಮಣಿಗಳು ಕಾಣುತ್ತವೆ. ೧೯೮೫ರಲ್ಲಿ ಮೊದಲ ಘಟಕ ಶುರುವಾಯಿತು, ಈಗ ಎಂಟು ಘಟಕ, ಒಟ್ಟು ೧೭೨೦ ಮೆಗಾವ್ಯಾಟ್. ಕರ್ನಾಟಕ ಬೆಳಗಿದ್ದರಲ್ಲಿ ಅದರ ಪಾಲು ದೊಡ್ಡದು. ಅಲ್ಲೇ ರಾಯಚೂರಿನ ಪಕ್ಕ ಯರಮರಸ್‌ನಲ್ಲಿ ಇನ್ನೊಂದು, ೧೬೦೦ ಮೆಗಾವ್ಯಾಟ್. ಹಾರುಬೂದಿಯನ್ನು ಸಿಮೆಂಟಿಗೆ, ಇಟ್ಟಿಗೆಗೆ ಬಳಸಬೇಕು ಅಂತ ೧೯೯೯ರಿಂದಲೇ ಕೇಂದ್ರದ ನಿಯಮ ಇದೆ, ಬಳಸುತ್ತಲೂ ಇದ್ದಾರೆ. ಆದರೂ ನೀರಿನಲ್ಲಿ ಕಲೆಸಿ ಹೊಂಡಕ್ಕೆ ಬಿಟ್ಟ ಬೂದಿ ಹೊಂಡದಲ್ಲೇ ಇರುತ್ತದೆ. ಬೇಸಿಗೆಯ ಗಾಳಿಗೆ ಮೇಲೇಳುತ್ತದೆ. ಅಲ್ಲಿ ಹತ್ತಿರದ ಹಳ್ಳಿಯಿಂದ ನಮ್ಮೂರಿಗೆ ಮದುವೆಯಾಗಿ ಬಂದ ನಮ್ಮ ಕಾಕಿ ಹೇಳುತ್ತಿದ್ದಳು: "ನಮ್ಮ ತವರಾಗ ಅರಿವಿ ಒಣಗ್ಲಿಕ್ಕ ಹಾಕಿದ್ರ ಮತ್ತ ಜಾಡಿಸೇ ಮಡಚಬೇಕು." ನಾವು ಸಣ್ಣವರು ನಗುತ್ತಿದ್ದೆವು. ಈಗ ಅದು ನಮ್ಮ ಫ್ಯಾನಿನ ಬೂದಿ ಅಂತ ಗೊತ್ತಾದಮೇಲೆ ನಗು ಬರುವುದಿಲ್ಲ.

ನಮ್ಮ ತಾಲ್ಲೂಕಿನ ಗೋಗಿ ಹೆಸರು ಕೇಳಿರಬೇಕು. ಬಿಜಾಪುರದ ಯೂಸುಫ್ ಆದಿಲ್ ಶಾಹನ ಗೋರಿ ಇರುವ ಊರು. ಅಲ್ಲಿ ನೆಲದಡಿ ಯುರೇನಿಯಂ ಇದೆ ಅಂತ ಅಣು ಇಲಾಖೆಯವರು ಪತ್ತೆ ಮಾಡಿ, ಗಣಿಗಾಗಿ ಅಗೆದು ನೋಡಿದ್ದರು. ಸುತ್ತಲ ಹಳ್ಳಿಯವರು ನೀರು ಕೆಡುತ್ತದೆ ಅಂತ ವಿರೋಧ ಮಾಡಿದರು. ಆಚೆ ಯಾದಗಿರಿ ತಾಲ್ಲೂಕಿನ ಕಡೇಚೂರು-ಬಾಡಿಯಾಳದಲ್ಲಿ ಮೂರು ಸಾವಿರ ಎಕರೆಗೂ ಮೇಲೆ ಜಮೀನು ಕೈಗಾರಿಕೆಗೆ ಹೋಯಿತು. ರೈಲ್ವೆ ಬೋಗಿ ಕಾರ್ಖಾನೆ ಬಂತು, ಔಷಧ, ರಾಸಾಯನಿಕ ಘಟಕಗಳು ಬಂದವು. ರಾತ್ರಿ ವಾಸನೆಗೆ ಕೂಡಲಾಗುವುದಿಲ್ಲ ಅಂತ ಆ ಭಾಗದ ಜನ ದೂರುತ್ತಲೇ ಇದ್ದಾರೆ. ಕೆಲಸ ಬೇಕು ಅಂತ ಕೇಳಿದವರೂ ಅವರೇ, ಉಸಿರಾಡಲು ಆಗುತ್ತಿಲ್ಲ ಅನ್ನುವವರೂ ಅವರೇ. ಎರಡೂ ಸುಳ್ಳಲ್ಲ. ಇದನ್ನು "ಅಭಿವೃದ್ಧಿ ವಿರೋಧಿಗಳು" ಅಂತ ಒಂದೇ ಮಾತಿನಲ್ಲಿ ಮುಗಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರು ಒಂದು ರಾತ್ರಿ ಅಲ್ಲಿ ಮಲಗಿ ಬರಲಿ.

ಹಾಗಂತ ನಾನೇನು ಸಾಚಾ ಅಲ್ಲ. ಬೆಂಗಳೂರಿನ ನಮ್ಮ ಮನೆಯ ಕಸವೆಲ್ಲ ಹೋಗುವುದೆಲ್ಲಿ? ಮೊದಲು ಮಾವಳ್ಳಿಪುರಕ್ಕೆ ಹೋಗುತ್ತಿತ್ತು. ೨೦೧೨ರಲ್ಲಿ ಅದು ನಿಂತಿತು. ಆಮೇಲೆ ಮಂಡೂರು. ಆ ಊರಿನವರು ಲಾರಿಗಳಿಗೆ ಅಡ್ಡ ನಿಂತು ಹೋರಾಡಿದ ಮೇಲೆ ೨೦೧೪ರ ಡಿಸೆಂಬರಿನಲ್ಲಿ ಅದೂ ನಿಂತಿತು. ಆಮೇಲೆ ಇನ್ನೊಂದು ಹಳ್ಳಿ, ಮತ್ತೊಂದು ಕಲ್ಲು ಕ್ವಾರಿ. ಶಹರಕ್ಕೆ ಸ್ವಂತ ತಿಪ್ಪಿ ಅಂತ ಇಲ್ಲವಲ್ಲ, ಬೇರೆಯವರ ಹಿತ್ತಲೇ ಅದರ ತಿಪ್ಪಿ. ನಮ್ಮ ಅಪಾರ್ಟ್‌ಮೆಂಟಿನ ಪಕ್ಕದ ಖಾಲಿ ಸೈಟಿನಲ್ಲಿ ನೀಲಿ ತಾಡಪತ್ರಿಯ ಗುಡಿಸಲುಗಳಿವೆ. ಒಂದು ದಿನ ಅಲ್ಲಿಂದ ಒಬ್ಬ ಹೆಣ್ಣುಮಗಳು "ಏ ಬಾರಲೇ ಇಲ್ಲಿ, ಉಣ್ಣು ಬಾ" ಅಂತ ಮಗನನ್ನು ಕೂಗಿದ್ದು ಕೇಳಿ ಗಕ್ಕನೆ ನಿಂತೆ. ನಮ್ಮದೇ ರಾಗ! ವಿಚಾರಿಸಿದರೆ ಸುರಪುರದ ಕಡೆಯವರು. ಹನ್ನೆರಡು ಮಹಡಿ ಕಟ್ಟುತ್ತಿದ್ದರು. ಪ್ರತಿ ಮಹಡಿಗೂ ಲಿಫ್ಟು, ಏಸಿ. ಅವರ ಗುಡಿಸಲಿನಲ್ಲಿ ಒಂದು ಚಾರ್ಜರ್ ದೀಪ, ಮೂರು ಕಲ್ಲಿನ ಒಲೆ, ಉರುವಲಿಗೆ ಸೆಂಟ್ರಿಂಗ್ ಹಲಗೆಯ ತುಂಡು. ಹಿಂದೆ ನಮ್ಮ ಕಸದ ಗುಡ್ಡೆ. ಊರಲ್ಲಿ ಕಾಲುವೆ ಬಂದು ನಲವತ್ತು ವರ್ಷವಾಯಿತು. ಗುಳೆ ಮಾತ್ರ ನಿಂತಿಲ್ಲ. ಕಾಲುವೆಯ ಕೊನೆಯ ಹೊಲಗಳಿಗೆ ನೀರು ತಲುಪದವರು, ಹೊಲವೇ ಇಲ್ಲದವರು ಈಗಲೂ ಬಸ್ಸು ಹತ್ತುತ್ತಾರೆ.

ಇರಲಿ, ತಿಪ್ಪಿಗೆ ಬರುತ್ತೇನೆ.

ಹಬ್ಬದ ರಾತ್ರಿ ಊಟವಾದ ಮೇಲೆ ತಮ್ಮನ ಜೊತೆ ಮಾಳಿಗೆ ಮೇಲೆ ಕೂತಿದ್ದೆ. ಹೇಳಲೋ ಬೇಡವೋ ಅಂತ ಬಹಳ ಹೊತ್ತು ಯೋಚಿಸಿ, "ಆ ಲೋಟ ತಟ್ಟೆ ಮಾರೋದು ಬಿಟ್ಟಬಿಡೋ. ಕಾಯ್ದೆನೂ ಅದ. ಚೀಲ ೨೦೧೬ರಾಗೇ ಬಂದ್ ಮಾಡ್ಯಾರ, ೨೦೨೨ರಾಗ ಲೋಟ, ತಟ್ಟಿನೂ ಬಂದ್ ಮಾಡ್ಯಾರ" ಅಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ಅಣ್ಣಾ, ನಾ ಬಿಟ್ರ ಬಾಜೂ ಅಂಗಡ್ಯಾಂವ ಮಾರ್ತಾನ. ಕಾಯ್ದೆ ನನ್ನ ಅಂಗಡಿಗಷ್ಟ ಅದೇನು, ಅವು ತಯಾರ ಆಗೋ ಫ್ಯಾಕ್ಟರಿಗಿಲ್ಲೇನು? ಪೇಪರ್ ಲೋಟ ತರ್ಸಿದ್ನಿ, ಅದರಾಗೂ ಒಳಗ ಪ್ಲಾಸ್ಟಿಕ್ ಪೊರಿ ಇರ್ತಾದಂತ. ಮಗಳ ಫೀಸು ನೀ ತುಂಬ್ತಿಯೇನು?"

ತುಂಬುತ್ತೇನೆ ಅನ್ನಲು ನನ್ನ ಬಾಯಿ ಬರಲಿಲ್ಲ. ನನ್ನ ಸಾಲದ ಕಂತುಗಳು ನೆನಪಾದವು. ಅವನೇ ಮತ್ತೆ ಅಂದ, ಸಣ್ಣ ದನಿಯಲ್ಲಿ: "ಗೌರಿ ಹೊಟ್ಟ್ಯಾಗ ಇದ್ದದ್ದು ನನ್ನ ಅಂಗಡಿದಾ ಇರಬೇಕಂತ ನನಗೂ ಅನಸ್ತಾದ. ನನಗೇನ್ ನಿದ್ದಿ ಬರ್ತಾದಂತ ತಿಳದಿಯೇನು?"

ಅದಾದಮೇಲೆ ನಾವಿಬ್ಬರೂ ಮಾತಾಡಲಿಲ್ಲ. ದೂರದಲ್ಲಿ ಯಾರದೋ ಹೊಲದಲ್ಲಿ ಕೂಳೆ ಉರಿಯುತ್ತಿತ್ತು.

ಮರುದಿನ ಅವ್ವ, ನಾನು, ತಮ್ಮನ ಹೆಂಡತಿ ಸೇರಿ ಉಳಿದ ತಿಪ್ಪಿ ಸೋಸಿದೆವು. ಮಧ್ಯಾಹ್ನ ತಮ್ಮ ಅಂಗಡಿ ಬಾಗಿಲು ಹಾಕಿ ಬಂದು ಏನೂ ಮಾತಾಡದೆ ಸಲಿಕೆ ಹಿಡಿದ. ಒಂದು ಟ್ರ್ಯಾಕ್ಟರ್ ಗೊಬ್ಬರ ಆಯಿತು. ಎರಡು ಸಿಮೆಂಟ್ ಚೀಲ ಪ್ಲಾಸ್ಟಿಕ್ಕೂ ಆಯಿತು. ಗೊಬ್ಬರ ಹೊಲಕ್ಕೆ ಹೋಯಿತು. ಈ ಚೀಲ ಎಲ್ಲಿಗೆ? ಗುಜರಿಯವನು ಬಂದ, ನೀರಿನ ಬಾಟ್ಲಿ, ಹತ್ತಿಗೆ ಹೊಡೆದ ಔಷಧದ ಡಬ್ಬಿ ಆರಿಸಿಕೊಂಡ, ಚೀಟಿಗಳನ್ನು ಮುಟ್ಟಲಿಲ್ಲ. "ಇದಕ್ಕ ರೇಟೇ ಇಲ್ಲರೀ" ಅಂದ. ಅದು ನಿಜವೇ. ಒಂದು ಚೀಟಿಯಲ್ಲಿ ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಎಲ್ಲ ಪದರ ಪದರವಾಗಿ ಅಂಟಿರುತ್ತದೆ, ಬೇರೆ ಮಾಡಲು ಬರುವುದಿಲ್ಲ. ಈಗ ಪಂಚಾಯಿತಿಗಳಲ್ಲಿ ಹೆಣ್ಣುಮಕ್ಕಳೇ ನಡೆಸುವ ಸ್ವಚ್ಛವಾಹಿನಿ ಗಾಡಿಗಳು, ಒಣ ಕಸ ಬೇರ್ಪಡಿಸುವ ಘಟಕಗಳು ಅಂತ ರಾಜ್ಯದಲ್ಲೆಲ್ಲ ಶುರುವಾಗಿವೆ. ಚೀಟಿಗಳನ್ನು ಒಟ್ಟು ಮಾಡಿ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಕಳಿಸುವುದೂ ಉಂಟು. ನಮ್ಮ ಎರಡು ಚೀಲ ಅಲ್ಲಿಯತನಕ ಹೋಗಬೇಕಾದರೆ ಮೊದಲು ಯಾರಾದರೂ ಅದನ್ನು ಬೇರೆ ಇಡಬೇಕು. ಅವ್ವ ಅದನ್ನಷ್ಟೇ ಮಾಡುತ್ತಿದ್ದಾಳೆ. ಸುಡಬೇಡಿ ಅಂತ ತಮ್ಮನ ಹೆಂಡತಿಗೆ ತಾಕೀತು ಮಾಡಿ, ಎರಡೂ ಚೀಲವನ್ನು ದನದ ಕೊಟ್ಟಿಗೆಯಲ್ಲಿ, ಗೌರಿಯನ್ನು ಕಟ್ಟುತ್ತಿದ್ದ ಜಾಗದಲ್ಲಿ ಇಡಿಸಿದಳು.

ನಾನು ಬಸ್ಸು ಹತ್ತುವಾಗ ತಮಾಷೆಗೆ, "ಒಂದು ಚೀಲ ನಾ ಬೆಂಗಳೂರಿಗಿ ಒಯ್ಲೇನು? ಅಲ್ಲಿ ಒಣ ಕಸ ತಗೊಳ್ಳೋ ಕೇಂದ್ರ ಅದಾವ" ಅಂದೆ. ಅವ್ವ ನಕ್ಕಳು. "ಊರಾಗಿಂದ ಜ್ವಾಳ ಒಯ್ತಿದ್ದಿ, ತೊಗರಿಬ್ಯಾಳಿ ಒಯ್ತಿದ್ದಿ, ಈಗ ಕಸ ಒಯ್ತೀಯೇನಪಾ?" ನಾನೂ ನಕ್ಕೆ. ಬಸ್ಸಿನಲ್ಲಿ ಕೂತಮೇಲೆ ಮಾತ್ರ ಆ ಮಾತು ತಿರುತಿರುಗಿ ನೆನಪಾಯಿತು.

ಮೊನ್ನೆ ತಮ್ಮ ಫೋನ್ ಮಾಡಿದ್ದ. ಇನ್ನೂರು ಸ್ಟೀಲ್ ತಟ್ಟೆ, ಇನ್ನೂರು ಲೋಟ ತಂದು ಕಾರ್ಯಕ್ರಮಗಳಿಗೆ ಬಾಡಿಗೆ ಕೊಡಲು ಇಟ್ಟಿದ್ದಾನಂತೆ. ಭಾಂಡೆ ತಿಕ್ಕುವ ಇಬ್ಬರು ಹೆಣ್ಣುಮಕ್ಕಳಿಗೂ ಕೆಲಸ ಆಗಿದೆಯಂತೆ. ಇಲ್ಲಿಯತನಕ ನಾಲ್ಕು ಕಾರ್ಯಕ್ರಮಕ್ಕೆ ಹೋಗಿವೆ. ಬಿಸಾಡುವ ತಟ್ಟೆ ಮಾರುವುದು ಬಿಟ್ಟೆಯಾ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಚೀಟಿಗಳ ಹಾರವಂತೂ ಬಾಗಿಲಲ್ಲಿ ತೂಗುತ್ತಲೇ ಇರಬೇಕು.

ಕೊನೆಗೆ ಅವ್ವನ ಕೈಗೆ ಫೋನ್ ಕೊಟ್ಟ. ಊಟ, ಆರೋಗ್ಯ ಎಲ್ಲ ಕೇಳಿದ ಮೇಲೆ ಅವಳು ಅಂದದ್ದು ಇಷ್ಟು:

"ತಮ್ಮಾ, ಮೂರನೇ ಚೀಲ ತುಂಬ್ಯಾದ ನೋಡು."